ಪಾಠದಲ್ಲಿಲ್ಲದ ಮಾತು

“ಈ ಪದ ಒಂದು ಬಿಟ್ಟುಬಿಡಿ ಮೇಡಂ,” ಎನ್ನುತ್ತ ಮ್ಯಾನೇಜರು ತಾನೇ ಡಸ್ಟರು ಎತ್ತಿಕೊಂಡು ಬೋರ್ಡಿನ ಮೇಲಿದ್ದ ‘ಎನ್‌ಶ್ಯೂರ್’ ಅನ್ನು ಒರೆಸಿಯೇಬಿಟ್ಟ.

ಟೀಚರಿಗೆ ಮೈಯೆಲ್ಲ ಉರಿಯಿತು. ಲಿಫ್ಟ್ ರಿಪೇರಿ ಮಾಡುವ ಈ ಕಂಪನಿಯ ಮೆಕ್ಯಾನಿಕ್ಕುಗಳಿಗೆ ಇಂಗ್ಲಿಷ್ ಕಲಿಸಲು ಬಂದವಳು ಅವಳು, ಬೋರ್ಡು ಅವಳದು. ಒಂದೇ ಮನೆಯ ಮಕ್ಕಳಂತೆ ಕಾಣುವ ನಾಲ್ಕು ಕ್ರಿಯಾಪದಗಳನ್ನು ಬರೆದು ಬಿಡಿಸಿ ಹೇಳಿದ್ದಳು. ಅಶ್ಯೂರ್ ಅಂದರೆ ಎದುರಿಗಿರುವವರಿಗೆ ಬಾಯಿಮಾತಿನ ಭರವಸೆ ಕೊಡುವುದು. ರೀಅಶ್ಯೂರ್ ಅಂದರೆ ಹೆದರಿದವರಿಗೆ ಧೈರ್ಯ ಹೇಳುವುದು. ಇನ್‌ಶ್ಯೂರ್ ಅಂದರೆ ವಿಮೆ ಮಾಡಿಸುವುದು, ಅನಾಹುತ ಆದಮೇಲೆ ಅದರ ಕೆಲಸ. ಎನ್‌ಶ್ಯೂರ್ ಮಾತ್ರ ಬಾಯಲ್ಲಿ ಆಗುವಂಥದ್ದಲ್ಲ, ಅನಾಹುತವೇ ಆಗದ ಹಾಗೆ ಕೈಯಾರೆ ನೋಡಿಕೊಳ್ಳುವುದು. ಇದರಲ್ಲಿ ಒರೆಸುವಂಥದ್ದು ಏನಿತ್ತು?

“ಕಷ್ಟದ ಪದ ಏನಲ್ಲ ಸಾರ್ ಅದು,” ಎಂದಳು.

“ಕಷ್ಟ ಅಂತಲ್ಲ. ನಮ್ಮೋರು ಕಸ್ಟಮರ್ ಹತ್ರ ಅದನ್ನ ಅನ್ನಬಾರದು. ವಿಮೆ ಹೆಡ್ಡಾಫೀಸಿನವರ ತಲೆನೋವು, ಅದೂ ಬೇಡ. ಮೊದಲಿನ ಎರಡು ಸಾಕು. ಕಣ್ಣಲ್ಲಿ ಕಣ್ಣಿಟ್ಟು, ಸ್ವಲ್ಪ ನಗ್ತಾ, ‘ಐ ಅಶ್ಯೂರ್ ಯೂ’ ಅನ್ನಬೇಕು. ಅಷ್ಟು ಮಾಡಿಸಿಬಿಡಿ, ನಿಮ್ಮ ಕೆಲಸ ಪರ್ಮನೆಂಟ್ ಮಾಡಿಸೋದು ನನಗಿರಲಿ.”

ಪರ್ಮನೆಂಟ್ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಟೀಚರ ಸಿಟ್ಟು ತಣ್ಣಗಾಯಿತು. ಹಿಂದಿನ ಟ್ಯುಟೋರಿಯಲ್ ಬಾಗಿಲು ಹಾಕಿದ ಮೇಲೆ ಕೆಲಸಕ್ಕಾಗಿ ಅಲೆದು ಚಪ್ಪಲಿ ಸವೆಸಿದ್ದಳು ಪಾಪ. ಆದರೆ ಸಿಟ್ಟು ಇಳಿದ ಜಾಗದಲ್ಲಿ ಅನುಮಾನ ಬಂದು ಕೂತಿತು. ರಿಪೇರಿ ಮಾಡುವವನಿಗೆ ಸ್ಪ್ಯಾನರಿಗಿಂತ ನಗು ಮುಖ್ಯ ಎನ್ನುವ ಕಂಪನಿ ಎಂಥದಪ್ಪ ಇದು?

ಹಿಂದಿನ ಬೆಂಚಿನಲ್ಲಿ ಕೂರುವವನನ್ನು ಎಲ್ಲರೂ ಮೀಸೆ ಎಂದೇ ಕರೆಯುತ್ತಿದ್ದರು. ತಲೆಯ ಕೂದಲೆಲ್ಲ ಕೆಳಗಿಳಿದು ಮೂಗಿನಡಿ ಸೇರಿಕೊಂಡಂಥ ಮೀಸೆ. ಮಾರನೆಯ ದಿನ ಅವನು ಕೈಯೆತ್ತಿದ. “ಮೇಡಂ, ಬೋರ್ಡಿಂದ ಅಳಿಸಿದ್ರಲ್ಲ, ನೋಡ್ಕೊಳ್ಳೋದು ಅಂತ, ಆ ಪದ ಇನ್ನೊಂದ್ಸಲ ಹೇಳ್ತೀರಾ?”

ಬಾಗಿಲ ಬಳಿ ಮ್ಯಾನೇಜರನ ನೆರಳಿತ್ತು. “ಅದು ನಮ್ಮ ಪಾಠದಲ್ಲಿಲ್ಲ,” ಎಂದು ಟೀಚರು ಪುಟ ತಿರುಗಿಸಿದಳು. ಮುಖ ಬಿಸಿಯಾಯಿತು. ಆಮೇಲೆ ಅವನನ್ನೇ ಎಬ್ಬಿಸಿ ‘ಐ ಅಶ್ಯೂರ್ ಯೂ’ ಹೇಳಿಸಿದಳು. ಮೊದಮೊದಲು ನೆಲ ನೋಡುತ್ತ ಹೇಳುತ್ತಿದ್ದವನು, ತಿದ್ದಿ ತಿದ್ದಿ, ಕಡೆಗೆ ಸೂಟು ಹಾಕಿದವರೂ ತಲೆದೂಗುವಂತೆ ಹೇಳಿದ. ಎಲ್ಲರೂ ಚಪ್ಪಾಳೆ ತಟ್ಟಿದರು.

ಟೀ ಹೊತ್ತಿನಲ್ಲಿ ಕಾರಿಡಾರಿನಿಂದ ಮಾತು ಕೇಳಿಸಿತು. “ಬ್ರೇಕಿನ ಪಾರ್ಟು ಬಂತಾ?” “ಎಲ್ಲಿಂದ ಬರುತ್ತೆ ಮಾರಾಯ. ಬರೋವರೆಗೂ ಅಶ್ಯೂರ್ ಮಾಡ್ತಾ ಇರು.” ಗೊಳ್ಳೆಂದು ನಕ್ಕರು. ತಾನು ಕಲಿಸಿದ ಪದ ಬಾಯಿಗೆ ಹತ್ತಿತಲ್ಲ ಎಂದು ಟೀಚರಿಗೂ ನಗು ಬಂತು. ಪಾರ್ಟೇ ಬಂದಿಲ್ಲವೆಂದರೆ ಇವರು ಭರವಸೆ ಕೊಡುವುದು ಯಾವುದಕ್ಕೆ ಎಂದು ಹೊಳೆದದ್ದೇ, ಟೀ ಅರ್ಧಕ್ಕೇ ಬಿಟ್ಟು ಎದ್ದಳು.

ಅಂದು ಸಂಜೆ ಮನೆಗೆ ಬಂದವಳು ತಮ್ಮ ಕಟ್ಟಡದ ಲಿಫ್ಟಿನ ಮುಂದೆ ನಿಂತು, ಬಟನ್ನುಗಳ ಮೇಲಿನ ತಗಡನ್ನು ಸೆರಗಿನಿಂದ ಉಜ್ಜಿ ನೋಡಿದಳು. ಧೂಳಿನಡಿ ಇದ್ದದ್ದು ತನ್ನ ಕಂಪನಿಯ ಹೆಸರೇ. ಲಿಫ್ಟು ಕೆಟ್ಟು ವಾರವಾಗಿತ್ತು. ಮೇಲಿನ ಮಹಡಿಯಲ್ಲಿ, ಮಂಡಿಯ ಆಪರೇಶನ್ ಆದ ಅತ್ತೆ ಗೂಟಕ್ಕೆ ಕಟ್ಟಿದ ಹಾಗೆ ಕೂತಿದ್ದರು. ಹೊಲಿಗೆ ಬಿಚ್ಚಿಸಲು ಡಾಕ್ಟರ ಬಳಿ ಹೋಗಬೇಕು, ಮೆಟ್ಟಿಲು ಇಳಿಯುವಂತಿಲ್ಲ.

ಆ ಅತ್ತೆಯೋ, ಹಾಲಿನವನನ್ನೂ ನಂಬದ ಜೀವ. ಸೊಸೆ ಗ್ಯಾಸ್ ಆರಿಸಿದೆ ಅಂದರೆ ಕೋಲೂರಿಕೊಂಡು ಹೋಗಿ ತಿರುಗಿಸಿ ನೋಡುವವರು. “ಯಾರ ಮಾತೂ ನಂಬಲ್ಲ ಕಣೆ ನಾನು, ನಿನ್ನ ಇಂಗ್ಲಿಷ್ ಒಂದು ಬಿಟ್ಟು,” ಎನ್ನುತ್ತಿದ್ದರು. ಸೊಸೆ ಓದಿದವಳು ಎಂಬ ಜಂಬ ಅವರಿಗೆ, ಸೊಸೆಗಿಂತ ಹೆಚ್ಚು.

ಭಾನುವಾರ ಬೆಳಿಗ್ಗೆ ಲಿಫ್ಟು ಸರಿಹೋಯಿತೆಂದು ಯಾರೋ ಕೂಗಿದರು. ಅತ್ತೆ ಆಗಲೇ ಸೀರೆ ಉಟ್ಟು ತಯಾರಾಗಿದ್ದರು. ಸೊಸೆ ಅವರನ್ನು ಹಿಡಿದುಕೊಂಡು ಹೊರಬಂದರೆ, ಲಿಫ್ಟಿನ ಮುಂದೆ ಟೂಲ್ ಬ್ಯಾಗಿನ ಜಿಪ್ಪು ಎಳೆಯುತ್ತಿದ್ದವನು ಮೀಸೆ.

ಅವಳನ್ನು ನೋಡಿ ಅವನ ಕೈ ನಿಂತಿತು. “ಮೇಡಂ, ನೀವು ಇಲ್ಲೇನಾ ಇರೋದು?”

“ಹೂಂ. ಸರಿಹೋಯ್ತಾ? ನಮ್ಮತ್ತೆ ಇದರಲ್ಲೇ ಇಳೀಬೇಕು.”

ಮೀಸೆ ನೆಟ್ಟಗೆ ನಿಂತ. ಕಣ್ಣಲ್ಲಿ ಕಣ್ಣಿಟ್ಟ, ಸ್ವಲ್ಪ ನಕ್ಕ. “ಐ ಅಶ್ಯೂರ್ ಯೂ, ಮೇಡಂ.” ಉಚ್ಚಾರದಲ್ಲಿ ಒಂದು ಕೂದಲಷ್ಟೂ ತಪ್ಪಿರಲಿಲ್ಲ.

“ಎಷ್ಟು ಚೆನ್ನಾಗಿ ಮಾತಾಡ್ತಾನೆ ನೋಡು,” ಎಂದರು ಅತ್ತೆ. ಹಾಲಿನವನನ್ನೂ ನಂಬದ ಅತ್ತೆ ಲಿಫ್ಟಿನ ಕಡೆಗೆ ಕೋಲೂರಿದರು.

ಸೊಸೆ ಅವರ ತೋಳು ಬಿಡಲಿಲ್ಲ. “ಅದಲ್ಲ ನಾನು ಕೇಳಿದ್ದು. ಬ್ರೇಕಿನ ಪಾರ್ಟು ಹಾಕಿದ್ರಾ? ಎಲ್ಲ ಸರಿಯಿದೆ ಅಂತ ನೀವೇ ನೋಡಿದ್ರಾ?”

ಮೀಸೆಯ ನಗು ಮುಖದ ಮೇಲೆ ಇನ್ನೂ ಹಾಗೇ ಇತ್ತು, ಕಣ್ಣು ಮಾತ್ರ ನೆಲಕ್ಕಿಳಿಯಿತು. “ಅದು ನಮ್ಮ ಪಾಠದಲ್ಲಿಲ್ಲ ಮೇಡಂ,” ಎಂದ. ಚುಚ್ಚಿ ಹೇಳಿದ್ದಲ್ಲ. ಬೇರೆ ಮಾತು ತೋಚದವನ ಹಾಗೆ ಹೇಳಿದ. ಆಮೇಲೆ ಭಾರದ ಬ್ಯಾಗನ್ನು ಹೆಗಲಿಗೇರಿಸಿ, ಬಾಗಿಲು ತೆರೆದು ನಿಂತಿದ್ದ ಲಿಫ್ಟನ್ನು ದಾಟಿ, ಮೆಟ್ಟಿಲು ಇಳಿದು ಹೋದ.

“ಬಾರೇ, ಡಾಕ್ಟರು ಹೊರಟುಹೋಗ್ತಾರೆ,” ಎಂದರು ಅತ್ತೆ. ಅವರ ಒಂದು ಕಾಲು ಆಗಲೇ ಲಿಫ್ಟಿನ ಹೊಸ್ತಿಲ ಮೇಲಿತ್ತು.

ಸೊಸೆ ಅವರ ಸೊಂಟ ಬಳಸಿ ಹಿಂದಕ್ಕೆ ಎಳೆದುಕೊಂಡಳು, ಕೋಲನ್ನು ಕಿತ್ತುಕೊಂಡು ಬಾಗಿಲಿಗೆ ಅಡ್ಡ ಹಾಕಿದಳು. ಅತ್ತೆ ಬಯ್ಯತೊಡಗಿದರು. ಕೆಳಗಿನಿಂದ ಮೀಸೆಯ ಹೆಜ್ಜೆಗಳ ಸದ್ದು, ಒಂದೊಂದೇ ಮಹಡಿ ಇಳಿಯುತ್ತ, ಕೇಳಿಸುತ್ತಲೇ ಇತ್ತು. ಲಿಫ್ಟಿನ ಬಾಗಿಲು ಮೆಲ್ಲಗೆ ಬಂದು ಕೋಲಿಗೆ ತಗುಲಿ ಹಿಂದೆ ಸರಿಯಿತು, ಮತ್ತೆ ಬಂದಿತು.