ಬೂದಿ ಹತ್ತಿದ ಬೆರಳು

ರಾಟಿ ತಿರುಗುತ್ತಿದೆ, ದಾರ ನನ್ನ ಬೆರಳ ಸಂದಿನಿಂದ ಹಾದು ಕಂಡಿಕೆಯ ಕೊಳವೆಗೆ ಸುತ್ತಿಕೊಳ್ಳುತ್ತಿದೆ, ಬೆಳಗಿನಿಂದ ನಾನು ಮಾತಾಡಿಲ್ಲ, ಬಾಳವ್ವ ದೊಡ್ಡವ್ವನೂ ಮಾತಾಡಿಲ್ಲ, ಆಕೆ ಮಗ್ಗದ ಮೇಲೆ ಬಾಗಿ ಯಾರೋ ಕೊಯ್ದ ಹಾಸನ್ನು, ಮಗ್ಗದುದ್ದಕ್ಕೂ ಬಿಗಿದ ದಾರಗಳನ್ನು, ಒಂದೊಂದೇ ಎಳೆಯಾಗಿ ಕೂಡಿಸುತ್ತಿದ್ದಾಳೆ, ಎಳೆ ಜಾರದಂತೆ ಎರಡು ಬೆರಳು ಬೂದಿಗೆ ಅದ್ದುತ್ತಾಳೆ, ಎರಡು ತುದಿ ಸೇರಿಸಿ ಹೊಸೆಯುತ್ತಾಳೆ, ಗಂಟೇ ಕಾಣುವುದಿಲ್ಲ, ಮತ್ತೆ ಬೂದಿ, ಮತ್ತೆ ಎರಡು ತುದಿ, ಬುಧವಾರದಿಂದ ಹೀಗೇ. ಯಾರೋ ಅಲ್ಲ. ನಾನು. ಯಾರೋ ಎಂದು ನನ್ನೊಳಗೇ ಹೇಳಿಕೊಳ್ಳುವುದೂ ಎಷ್ಟು ಸಲೀಸಾಗಿ ಬರುತ್ತದೆ ನೋಡು. ಕೇಡು ಎಂದರೆ ಸದ್ದು ಮಾಡಿಕೊಂಡು ಬರುತ್ತದೆ, ಮೈ ನಡುಗುತ್ತದೆ ಎಂದುಕೊಂಡಿದ್ದೆ, ಹಾಗೇನೂ ಆಗಲಿಲ್ಲ, ಮಧ್ಯಾಹ್ನ ಎಲ್ಲರೂ ಉಣ್ಣಲು ಹೋಗಿದ್ದರು, ದಾರ ಕತ್ತರಿಸುವ ಬ್ಲೇಡು ಕೈಯಲ್ಲೇ ಇತ್ತು, ಹಾಸಿನ ಮೇಲೆ ಒಂದು ಗೇಣು ಎಳೆದೆ, ಕೈ ದಿನದಂತೆಯೇ ಶಾಂತವಾಗಿತ್ತು, ಆಮೇಲೆ ಹೋಗಿ ರೊಟ್ಟಿ ತಿಂದೆ, ರುಚಿಯೂ ಇತ್ತು. ಕೌಸರಳ ಮೇಲಿನ ಹೊಟ್ಟೆಕಿಚ್ಚಿಗೆ. ಐದು ತಿಂಗಳ ಹಿಂದೆ ಬಂದು ನನ್ನ ಪಕ್ಕ ರಾಟಿಗೆ ಕೂತವಳು, ನಾನು ಏಳನೇ ಇಯತ್ತೆಗೆ ಸಾಲಿ ಬಿಟ್ಟು ಐದು ವರ್ಷದಿಂದ ಇಲ್ಲೇ ಕೂತವಳು, ಆದರೂ ದೊಡ್ಡವ್ವ ಅವಳಿಗೇ ಹೇಳಿದಳು, ಕೌಸರ, ಮುಂದಿನ ಹಾಸು ಬಂದಾಗ ನೀ ಮಗ್ಗಕ್ಕ ಕೂಡವಾ. ಕೌಸರ ನನ್ನ ಕಡೆ ತಿರುಗಿ ನಕ್ಕಳು, ಏ ಮೂಗಿ, ನಿನ್ನ ನಾಲಿಗಿನೂ ಕಂಡಿಕಿಗೆ ಸುತ್ತಿಟ್ಟೀ ಏನ, ನನಗೂ ಕಲಸ್ರಿ ಅಂತ ಕೇಳಬಾರದ? ತಡಿ, ನಾ ಕಲತು ನಿನಗ ಕಲಸ್ತೀನಿ. ಪ್ರೀತಿಯಿಂದಲೇ ಅಂದಿದ್ದಳು, ಅದು ಆಗಲೂ ಗೊತ್ತಿತ್ತು. ಹಾಸು ಕೊಯ್ದದ್ದು ಕಂಡಾಗ ಪಕ್ಕದ ಮಗ್ಗದವರು ಓಡಿಬಂದು ಅವಳದೇ ಹೆಸರು ಹೇಳಿದರು, ಹೊಸಾ ಹುಡುಗಿ ಅಲ್ಲೇನ್ರಿ, ಆಕೀನ ಮಾಡ್ಯಾಳ. ಯಾರ ನೋಡೀರಿ? ದೊಡ್ಡವ್ವ ಕೇಳಿದ್ದು ಅದೊಂದೇ ಸಲ. ನಾನು ನೆಲ ನೋಡಿದೆ. ಕೌಸರಳ ತಾಯಿ ಖಾಜಾಬಿ ಬಂದು ಮಗಳನ್ನು ಕೈಹಿಡಿದು ಎಬ್ಬಿಸಿದಳು, ನಡಿ ಬೇಟಿ, ನಮಗ ಇದರ ಹಂಗ ಬ್ಯಾಡ. ಹೊಸ್ತಿಲಲ್ಲಿ ಕೌಸರ ತಿರುಗಿ ನನ್ನನ್ನೇ ನೋಡಿದಳು, ನೀನಾದರೂ ಒಂದು ಮಾತು ಹೇಳು ಎಂಬಂತೆ — ಮತ್ತೆ ಬೂದಿ, ಮತ್ತೆ ಎರಡು ತುದಿ.

ಇವತ್ತು ಶನಿವಾರ, ನಾಳೆ ಚರ್ಚಿನಲ್ಲಿ ಕರ್ತನ ಭೋಜನ, ಯೇಸುವಿನ ನೆನಪಿಗೆ ರೊಟ್ಟಿ ಮುರಿದು ಹಂಚುವ ದಿನ, ಹಿಂದಿನ ದಿನ ಯಾರಿಗೆ ತಪ್ಪು ಮಾಡಿದ್ದೇವೋ ಅವರ ಬಾಗಿಲಿಗೆ ಹೋಗಿ ಕ್ಷಮೆ ಕೇಳದೆ ರೊಟ್ಟಿ ಮುಟ್ಟಬಾರದು, ನಮ್ಮ ಸಭೆಯ ರೂಢಿ. ಎಲ್ಲರೂ ನಗುತ್ತ ಹೋಗಿ ಚಹಾ ಕುಡಿದು ಬರುತ್ತಾರೆ, ದೊಡ್ಡವ್ವ ಮಾತ್ರ ಹಾಗಲ್ಲ. ಅವಳ ಮಗಳು ಮಾನವ್ವ ಹೆರಿಗೆ ನೋವಿನಲ್ಲಿ ರೋಣದ ಆಸ್ಪತ್ರೆಯ ದಾರಿಯಲ್ಲೇ ತೀರಿಕೊಂಡಾಗ, ಎಲ್ಲಾ ದೇವರ ಚಿತ್ತ ಎಂದ ಪಾಸ್ಟರನ್ನು ಅಲ್ಲೇ ತಡೆದಳು, ಅದನ್ನ ಆತನ ಮ್ಯಾಲ ಹಾಕಬ್ಯಾಡ್ರಿ, ಗಾಡಿ ತಗಿಯಂಗಿಲ್ಲ ಅಂದ ದುರಗಪ್ಪನ ಮ್ಯಾಲ ಹಾಕ್ರಿ, ಇನ್ನೊಂದ ತಾಸ ನೋಡೂಣು ಅಂತ ಕುಂತ ನನ್ನ ಮ್ಯಾಲ ಹಾಕ್ರಿ, ಆತ ನಮ್ಮ ಜೋಡಿ ಅತ್ತಾನ, ನನಗ ಗೊತ್ತಿರೂದು ಅಷ್ಟ. ವರ್ಷದ ಮೇಲೆ ಇಂಥದೇ ಶನಿವಾರ ದುರಗಪ್ಪನ ಬಾಗಿಲಿಗೆ ತಾನೇ ಹೋದಳು, ನಾನು ಹಿಂದೆ ನಿಂತಿದ್ದೆ, ಆತ ಕ್ಷಮೆ ಕೇಳುತ್ತಾನೆಂದು ಕಾಯುತ್ತಿದ್ದೆ, ಇವಳೇ ಅಂದಳು, ದುರಗಪ್ಪಾ, ವರ್ಷಾತು ನಿನಗ ಶಾಪಾ ಹಾಕಾಕತ್ತೀನಿ, ನನ್ನ ಕ್ಷಮಿಸಪಾ. ಉಣ್ಣುತ್ತಿದ್ದವನು ಎದ್ದು ನಿಂತ, ಕೈಯಲ್ಲಿ ತುತ್ತು ಹಾಗೇ ಇತ್ತು, ಗೋಡೆಗೆ ಮುಖ ಮಾಡಿ ಅತ್ತ. ಇಷ್ಟು ದೊಡ್ಡ ಜೀವದ ಪಕ್ಕ ಐದು ವರ್ಷ ಕೂತು ನಾನು ಕಲಿತದ್ದು ಬ್ಲೇಡು ಹಿಡಿಯುವುದನ್ನು. ಈಗ ಏಳುತ್ತಿದ್ದಾಳೆ, ಸೊಂಟಕ್ಕೆ ಕೈ ಕೊಟ್ಟು, ಸೆರಗು ಸರಿಮಾಡಿಕೊಂಡು, ತಂಗೀ, ಖಾಜಾಬಿ ಮನೀಗೆ ಹೋಗಿ ಬರ್ತೀನಿ, ಆ ಹುಡುಗಿನ್ನ ಎಲ್ಲಾರೂ ಅನ್ನುಮುಂದ ನಾ ಬಾಯಿ ಮುಚಗೊಂಡ ಕುಂತಿದ್ನಲ್ಲ, ಅದೂ ಪಾಪನ ಅಲ್ಲನ, ಕೌಸರನ ಕಾಲ ಹಿಡದಾರ ಕೇಳತೀನಿ. ಆ ಕಾಲು, ಆ ಕೈ, ನನ್ನ ಪಾಪವನ್ನು ಹೊತ್ತು ಈಕೆ ಹೋಗುತ್ತಿದ್ದಾಳೆ, ಒಂದು ಚಪ್ಪಲಿ ಮೆಟ್ಟಿದಳು, ರಾಟಿ ನಿಂತಿದೆ, ನಾನು ನಿಲ್ಲಿಸಿದ್ದು ಯಾವಾಗ, ನನ್ನ ದನಿ ನನಗೇ ಯಾರದೋ ಅನ್ನಿಸುತ್ತದೆ, ದೊಡ್ಡವ್ವಾ, ಹಾಸು ಕೊಯ್ದಾಕಿ ನಾನ್ರಿ. ಇನ್ನೊಂದು ಚಪ್ಪಲಿ ನೆಲದ ಮೇಲೇ ಇದೆ, ಅವಳು ತಿರುಗಿಲ್ಲ, ಬಾಗಿಲ ಚೌಕಟ್ಟಿಗೆ ಊರಿದ ಕೈ, ಬೂದಿ ಹತ್ತಿದ ಎರಡು ಬೆರಳು, ನಡುವೆ ಎಳೆಯಿಲ್ಲ, ನನ್ನನ್ನೂ ಕರಕೊಂಡು ಹೋಗ್ರಿ, ಬೂದಿ ಹತ್ತಿದ ಎರಡು ಬೆರಳು, ದೊಡ್ಡವ್ವಾ, ನನ್ನನ್ನೂ ಕರಕೊಂಡು ಹೋಗ್ರಿ —