ಮೂವತ್ತೊಂದು ಗೈರುಹಾಜರಿ

ಆ ನ್ಯಾಯಮೂರ್ತಿಯ ಮಾನ ಕಳೆಯಬೇಕೆಂದು ನಾನು ಎಂಟು ತಿಂಗಳು ಹಲ್ಲು ಕಚ್ಚಿಕೊಂಡು ಕೆಲಸ ಮಾಡಿದೆ. ಸುಳ್ಳೇಕೆ ಹೇಳಲಿ, ನ್ಯಾಯ ಗೀಯ ಅಂತ ನಾನೇನೂ ಹೊರಟಿರಲಿಲ್ಲ. ನನಗೆ ಸೇಡು ಬೇಕಾಗಿತ್ತು.

ಸಂಡೂರಿನ ಗುಡ್ಡದ ಬುಡದಲ್ಲಿ ನಮ್ಮವ್ವ ಊರಮ್ಮನ ಹೆಸರಿನಲ್ಲಿ ನಾಲ್ಕು ಎಕರೆ ಹೊಲವಿದೆ. ಗಣಿಯವರು ಅದರ ನಟ್ಟನಡುವೆ ಲಾರಿ ದಾರಿ ಮಾಡಿಕೊಂಡರು. ಕೇಳಲಿಲ್ಲ, ಹೇಳಲಿಲ್ಲ, ಒಂದು ಬೆಳಿಗ್ಗೆ ಜೆಸಿಬಿ ಬಂದು ಬದು ಕಿತ್ತೆಸೆಯಿತು. ಚೀನಾದವರಿಗೆ ಅದಿರು ಬೇಕಂತೆ, ಅದಕ್ಕೆ ನಮ್ಮವ್ವನ ಮೆಣಸಿನ ಗಿಡ ಸಾಯಬೇಕಂತೆ. 2008ರಲ್ಲಿ ಧಾರವಾಡದಲ್ಲಿ ಹೈಕೋರ್ಟಿನ ಪೀಠ ಶುರುವಾದಾಗ ಅಲ್ಲಿಗೆ ರಿಟ್ ಅರ್ಜಿ ಹಾಕಿದೆವು.

ಹಾಕಿಕೊಟ್ಟವರು ಹೊಸಪೇಟೆಯ ವಿರೂಪಾಕ್ಷಪ್ಪ ವಕೀಲರು. "ನೀ ನನ್ನ ತಂಗಿ ಇದ್ದಂಗ, ಊರಮ್ಮ. ನಿನ್ ಕಡಿಂದ ಫೀಸು ತಗೊಂಡ್ರ ನಂಗ ಒಳ್ಳೇದಾಗ್ತದೇನು? ಧಾರವಾಡಕ್ಕ ನೀವ್ಯಾರೂ ಬರೋದು ಬ್ಯಾಡ, ನಾ ನೋಡ್ಕೊಂತೀನಿ" ಎಂದಿದ್ದರು. ಗುಡ್ಡದ ಬುಡದ ಹಳ್ಳಿಗಳಲ್ಲಿ ಎಷ್ಟೋ ಜನರಿಗೆ ಅವರು ಹೀಗೆಯೇ ಬಿಟ್ಟಿ ವಕೀಲರಾಗಿದ್ದರು. ಅವ್ವ ಅವರ ಹೆಸರು ಹೇಳುವಾಗ ಕೈ ಮುಗಿಯುತ್ತಿದ್ದಳು.

ಮರುವರ್ಷ ಅರ್ಜಿ ವಜಾ ಆಯಿತು. "ಜಡ್ಜು ಗಣಿ ಕಡ್ಯಾವ ಅದಾನವ್ವ. ತಾಸುಗಟ್ಲೆ ವಾದ ಮಾಡಿದೆ, ಕಿವಿಗೇ ಹಾಕ್ಕೊಳ್ಳಿಲ್ಲ" ಎಂದು ವಕೀಲರು ಕಣ್ಣು ಒರೆಸಿಕೊಂಡರು. ಅವ್ವ ಅವರನ್ನೇ ಸಮಾಧಾನ ಮಾಡಿ ಬಂದಳು. ನನ್ನ ಮೈಯೆಲ್ಲ ಉರಿಯಿತು. ಅಂದೇ ಆ ನ್ಯಾಯಮೂರ್ತಿಯ ಹೆಸರನ್ನು ಮನಸ್ಸಿನಲ್ಲಿ ಬರೆದುಕೊಂಡೆ.

ನನ್ನ ಹೆಸರು ಜ್ಯೋತಿಲಕ್ಷ್ಮಿ. ಅಪ್ಪ ತೀರಿಕೊಂಡ ಮೇಲೆ ಅನುಕಂಪದ ಆಧಾರದಲ್ಲಿ ನನಗೆ ತುಂಗಭದ್ರಾ ಡ್ಯಾಂನಲ್ಲಿ ನೌಕರಿ ಸಿಕ್ಕಿತು. ನೀರಿನ ಮಟ್ಟ, ಒಳಹರಿವು, ಹೊರಹರಿವು ನೋಡಿ ಬರೆದಿಡುವ ಕೆಲಸ. ಪಟ್ಟಿ ಮಾಡುವುದು ಬಿಟ್ಟು ಬೇರೆ ವಿದ್ಯೆ ನನಗೆ ಬರುವುದಿಲ್ಲ, ಆದರೆ ಅದು ಚೆನ್ನಾಗಿ ಬರುತ್ತದೆ. ಹೈಕೋರ್ಟಿನ ಆದೇಶಗಳು ಇಂಟರ್ನೆಟ್ಟಿನಲ್ಲಿ ಸಿಗುತ್ತವೆ ಎಂದು ತಿಳಿದದ್ದೇ ತಡ, ಪ್ರತಿ ಭಾನುವಾರ ಹೊಸಪೇಟೆಯ ನೆಟ್ ಸೆಂಟರಿನಲ್ಲಿ ಕೂತೆ. ಬಳ್ಳಾರಿ ಜಿಲ್ಲೆಯಿಂದ ಆ ನ್ಯಾಯಮೂರ್ತಿಯ ಮುಂದೆ ಹೋದ ಪ್ರತಿ ಅರ್ಜಿಯನ್ನೂ ಹುಡುಕಿ ತೆಗೆದೆ. ಪ್ರತಿ ಆದೇಶದ ಕೊನೆಯ ಸಾಲು ನೋಡುವುದು, ಗೆದ್ದರೋ ಸೋತರೋ ಬರೆಯುವುದು. ಅವ್ವನ ಆದೇಶವನ್ನೂ ಹಾಗೇ ನೋಡಿದೆ. ಮೇಲಿನ ನಾಲ್ಕು ಸಾಲು ಓದುವ ತಾಳ್ಮೆ ನನ್ನ ಸಿಟ್ಟಿಗೆ ಇರಲಿಲ್ಲ.

ಗಣಿಯ ವಿರುದ್ಧ ರೈತರು ಹಾಕಿದ ಅರ್ಜಿ ತೊಂಬತ್ತಾರು. ಸೋತದ್ದು ಅರವತ್ತೊಂದು. ಸಿಕ್ಕಿಬಿದ್ದ ಮಗ ಎಂದುಕೊಂಡೆ. ಮುಖ್ಯ ನ್ಯಾಯಮೂರ್ತಿಗಳಿಗೆ ಒಂದು ಪತ್ರ ಬರೆದು, ಪಟ್ಟಿ ಲಗತ್ತಿಸಿ, ಪೋಸ್ಟ್ ಮಾಡುವ ಮುಂಚೆ ನಮ್ಮ ಆಫೀಸಿನ ಇಂಜಿನಿಯರ್ ತಿಪ್ಪೇಶ್ ಸಾಹೇಬರಿಗೆ ತೋರಿಸಿದೆ. ಹೊಗಳುತ್ತಾರೆಂಬ ಆಸೆ.

ಅವರು ಕನ್ನಡಕ ಏರಿಸಿ ನೋಡಿದರು. "ಒಳಹರಿವು ಎಲ್ಲೈತಿ?"

"ಏನ್ ಸಾರ್?"

"ಕೋರ್ಟಿಂದ ಏನ್ ಹೊರಗ ಬಂತು ಅಂತ ಬರ್ದೀಯಲ್ಲ, ಒಳಗ ಏನ್ ಹೋತು ಅಂತ ಎಲ್ಲಿ ಬರ್ದಿ? ಹೊರಹರಿವು ಒಂದೇ ಬರ್ದು ಡ್ಯಾಂ ಕಳ್ಳ ಅಂದ್ರ ನಾ ಸಹಿ ಹಾಕ್ತೀನೇನವಾ?"

ನನಗೆ ಕೆಂಡದಂಥ ಕೋಪ ಬಂತು. ಆದರೆ ನನ್ನ ಕೆಲಸಕ್ಕೇ ಬೆರಳು ತೋರಿಸಿದ್ದರಲ್ಲ, ಬಿಡುವ ಹಾಗಿರಲಿಲ್ಲ. ಮತ್ತೆ ಮೊದಲಿನಿಂದ, ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು, ಪ್ರತಿ ಆದೇಶವನ್ನೂ ಮೊದಲ ಸಾಲಿನಿಂದ ಓದಿದೆ. ರೈತರ ಪರ ಯಾರು ವಾದಿಸಿದರು ಎಂದು ಹೊಸ ಕಾಲಂ ಹಾಕಿದೆ.

ಸೋತ ಅರವತ್ತೊಂದರಲ್ಲಿ ನಲವತ್ನಾಲ್ಕು ಅರ್ಜಿಗಳಿಗೆ ಒಂದೇ ಕಾರಣ: ಮೂರು ಸಲ ಹೆಸರು ಕೂಗಿದರೂ ಅರ್ಜಿದಾರರ ಪರವಾಗಿ ಯಾರೂ ಹಾಜರಿಲ್ಲ. ಯಾರಾದರೂ ಎದ್ದು ನಿಂತು ವಾದಿಸಿದ ಐವತ್ತೆರಡರಲ್ಲಿ ಮೂವತ್ತೈದರಲ್ಲಿ ಆ ನ್ಯಾಯಮೂರ್ತಿ ಗಣಿಯವರ ವಿರುದ್ಧ ತಡೆ ಕೊಟ್ಟಿದ್ದರು. ನಾನು ಎಂಟು ತಿಂಗಳು ಶಾಪ ಹಾಕಿದ ಮನುಷ್ಯ ನಮ್ಮ ಮಾತು ಕೇಳಲು ತಯಾರಾಗಿಯೇ ಕೂತಿದ್ದ. ಮಾತಾಡಬೇಕಾದವರು ಬಂದಿರಲಿಲ್ಲ.

ಆ ನಲವತ್ನಾಲ್ಕರಲ್ಲಿ ಮೂವತ್ತೊಂದು ವಿರೂಪಾಕ್ಷಪ್ಪನವರವು. ನಮ್ಮದೂ ಸೇರಿ.

ಅದಕ್ಕಿಂತ ಕೆಟ್ಟದ್ದು ತಾರೀಖಿನ ಕಾಲಂನಲ್ಲಿತ್ತು. ಕಂಪ್ಲಿಯ ರೈಸ್ ಮಿಲ್ ಮಾಲೀಕರ ಅರ್ಜಿಗಳಲ್ಲಿ ಅವರು ಒಂದು ದಿನವೂ ತಪ್ಪಿಸಿರಲಿಲ್ಲ. ನಮ್ಮ ಮೂವತ್ತೊಂದರಲ್ಲಿ ಹತ್ತೊಂಬತ್ತು ವಜಾ ಆದದ್ದು ಅವರು ಅದೇ ನ್ಯಾಯಮೂರ್ತಿಯ ಮುಂದೆ ಮಿಲ್ಲಿನವರ ಪರ ವಾದಿಸಿದ ದಿನಗಳಂದೇ. ಫೀಸು ಬೇಡವೆಂದದ್ದು ಏಕೆಂದು ಈಗ ತಿಳಿಯಿತು. ನಮ್ಮನ್ನು ಸೋಲಿಸಲು ಅವರಿಗೆ ಯಾರು ಕೊಟ್ಟರು, ಎಷ್ಟು ಕೊಟ್ಟರು ಎಂದು ನನ್ನ ಪಟ್ಟಿ ಹೇಳುವುದಿಲ್ಲ, ನಾನೂ ಹೇಳುವುದಿಲ್ಲ.

ಸೇಡಿನ ಮುಖ ತಿರುಗಿತು ಅಷ್ಟೇ, ಬಿಸಿ ಆರಲಿಲ್ಲ. ಧಾರವಾಡದ ಶೈಲಜಾ ಎಂಬ ವಕೀಲರನ್ನು ಹುಡುಕಿದೆ. ವಜಾ ಆದ ಅರ್ಜಿಗಳಿಗೆ ಮತ್ತೆ ಜೀವ ಕೊಡಿಸಬಹುದು, ಹಳೆಯ ವಕೀಲರೇ ತಾವು ಏಕೆ ಬರಲಿಲ್ಲವೆಂದು ಪ್ರಮಾಣಪತ್ರ ಕೊಟ್ಟರೆ ಕೆಲಸ ಸಲೀಸು ಎಂದರು. ಅವ್ವನಿಗೆ, ಮೂರು ಸಲ ಹೆಸರು ಕೂಗಿದರೂ ವಕೀಲರು ಹಾಜರಾಗಲಿಲ್ಲ ಎಂದಷ್ಟೇ ಹೇಳಿದೆ. ಅವಳು ನಂಬಲಿಲ್ಲ. "ಪಾಪ, ಮೈಯಾಗ ಹುಷಾರಿರಲಿಕ್ಕಿಲ್ಲ" ಎಂದಳು.

ಒಂದು ಶನಿವಾರ ಎರಡು ಟೆಂಪೋ ತುಂಬ ಮೂವತ್ತೊಂದು ಮನೆಯವರು ವಿರೂಪಾಕ್ಷಪ್ಪನವರ ಆಫೀಸಿಗೆ ಹೋದೆವು. ಒಳಗೆ ಕಂಪ್ಲಿಯ ಮಿಲ್ಲಿನವರು ಕೂತಿದ್ದರು. ಅಂಗಳದಲ್ಲಿ ಅಷ್ಟು ಜನರನ್ನು ಕಂಡು ವಕೀಲರು ನನ್ನನ್ನು ಪಕ್ಕದ ಕೋಣೆಗೆ ಕರೆದರು.

"ಏನವಾ ಇದು, ಜಾತ್ರಿ?"

"ಬಾರ್ ಕೌನ್ಸಿಲಿಗೆ ದೂರು ಬರಿಯಾಕ ಬಂದೀವ್ರಿ. ನಿಮ್ಗೂ ಒಂದ್ ಮಾತು ಹೇಳಿ ಹೋಗೋಣಂತ."

ದೂರು ಹೋದರೆ ವಕೀಲಿ ಸನ್ನದಿಗೇ ಕುತ್ತು. ಅವರು ಬಾಗಿಲು ಹಾಕಿಕೊಂಡರು. "ಬ್ಯಾಡವಾ. ಅರ್ಜಿಗೆ ಮತ್ತ ಜೀವ ಕೊಡ್ಸಾಕ ಪ್ರಮಾಣಪತ್ರ ಬೇಕಂದ್ರ ಬರ್ಕೊಡ್ತೀನಿ. ನೀ ಮಾತ್ರ ದೂರು ಬರ್ಯಂಗಿಲ್ಲ ಅಂತ ಮಾತು ಕೊಡು."

ಮಾತು ಕೊಟ್ಟೆ. ಅವರು ಟೈಪಿಸ್ಟನನ್ನು ಕೂರಿಸಿಕೊಂಡು ತಾವೇ ಹೇಳಿ ಬರೆಸಿದರು: ಆ ಎಲ್ಲ ದಿನಗಳಲ್ಲಿ ತೀವ್ರ ಬೆನ್ನುನೋವಿನಿಂದ ಹಾಸಿಗೆ ಹಿಡಿದಿದ್ದೆ, ಧಾರವಾಡಕ್ಕೆ ಹೋಗಲೇ ಆಗಲಿಲ್ಲ. ಲಗತ್ತಿಸಲೆಂದು ನನ್ನ ಒಂಬತ್ತು ಹಾಳೆಯ ಪಟ್ಟಿಯನ್ನು ಮುಂದಿಟ್ಟೆ. ಎಲ್ಲ ಅರ್ಜಿಗಳೂ ತಾರೀಖಿನ ಪ್ರಕಾರ ಅದರಲ್ಲಿದ್ದವು, ಮಿಲ್ಲಿನವರವೂ. ಆಚೆ ಕೋಣೆಯಲ್ಲಿ ಕಾಯುತ್ತಿದ್ದ ಮಿಲ್ಲಿನವರ ಅವಸರ ಅವರಿಗೆ. ನೀರಿನ ಮಟ್ಟ ಬರೆಯುವವಳ ಪಟ್ಟಿಯನ್ನು ಯಾರು ಓದುತ್ತಾರೆ? ಪ್ರತಿ ಹಾಳೆಯ ಕೆಳಗೂ ಸಹಿ ಹಾಕಿಕೊಟ್ಟರು. ಅಷ್ಟು ಖುಷಿಯನ್ನು ನಾನು ನನ್ನ ಮದುವೆಯಲ್ಲೂ ಕಂಡಿರಲಿಲ್ಲ.

ಶೈಲಜಾ ಅವರು ಪಟ್ಟಿ ಓದಿ ನನ್ನನ್ನೇ ನೋಡಿದರು. "ಇವ್ರ ಪ್ರಮಾಣಪತ್ರ ಸುಳ್ಳು ಅಂತ ನಿಮ್ಗ ಗೊತ್ತೈತಿ, ಹೌದಲ್ರಿ?"

"ಪಟ್ಟಿ ಖರೇ ಐತ್ರಿ. ಎರಡೂ ಕೊಡ್ರಿ, ಜಡ್ಜ್ ಸಾಹೇಬ್ರೇ ನೋಡ್ಲಿ."

ವಿಚಾರಣೆಯ ದಿನ ಅದೇ ನ್ಯಾಯಮೂರ್ತಿಗಳು ವಿರೂಪಾಕ್ಷಪ್ಪನವರನ್ನು ಖುದ್ದು ಕರೆಸಿದ್ದರು. ಹಾಳೆಗಳನ್ನು ಆ ದಿನಗಳ ಕೋರ್ಟ್ ದಾಖಲೆಯ ಜೊತೆ ಇಟ್ಟು ನಿಧಾನವಾಗಿ ತಿರುವಿದರು. ಇಂಗ್ಲಿಷಿನಲ್ಲಿ ಏನೋ ಕೇಳಿದರು. ಶೈಲಜಾ ಅವರು ಬಗ್ಗಿ ಅವ್ವನ ಕಿವಿಯಲ್ಲಿ ಕನ್ನಡದಲ್ಲಿ ಹೇಳಿದರು: "ಊರಮ್ಮನ ಅರ್ಜಿ ವಜಾ ಆದ ದಿನ ನೀವು ಇದೇ ಹಾಲ್‌ನಾಗ ಕುಂತಿದ್ರಿ, ಹತ್ತು ನಿಮಿಷ ಬಿಟ್ಟು ಮಿಲ್ಲಿನ ಕೇಸ್‌ನಾಗ ಎದ್ದು ವಾದ ಮಾಡೀರಿ, ಬೆನ್ನುನೋವು ಎಲ್ಲಿತ್ತು ಅಂತ ಕೇಳಾಕತ್ಯಾರ."

ಮೂವತ್ತೊಂದು ಅರ್ಜಿಗಳಿಗೂ ಮತ್ತೆ ಜೀವ ಬಂತು. ವಿಚಾರಣೆ ಮುಗಿಯುವವರೆಗೆ ಹೊಲಗಳಲ್ಲಿ ಲಾರಿ ಓಡಕೂಡದೆಂದು ತಡೆಯೂ ಸಿಕ್ಕಿತು. ಪ್ರಮಾಣಪತ್ರವನ್ನೂ ಪಟ್ಟಿಯನ್ನೂ ನ್ಯಾಯಮೂರ್ತಿಗಳೇ ಬಾರ್ ಕೌನ್ಸಿಲಿಗೆ ಕಳಿಸಲು ಹೇಳಿದರು.

ಹೊರಗೆ ವಿರೂಪಾಕ್ಷಪ್ಪನವರು ನನ್ನನ್ನು ಅಡ್ಡಗಟ್ಟಿದರು. "ಮಾತು ಕೊಟ್ಟಿದ್ದಿ, ಜ್ಯೋತಿ."

"ದೂರು ನಾ ಬರ್ದಿಲ್ರಿ. ನೀವೇ ಬರ್ದು ಸಹಿ ಹಾಕೀರಿ."

ಅವರು ನನ್ನನ್ನು ಬಿಟ್ಟು ಅವ್ವನ ಕಡೆ ತಿರುಗಿ ಕೈ ಮುಗಿದರು. "ಊರಮ್ಮ, ನೀನರ ಹೇಳು. ನಾ ನಿನ್ ಅಣ್ಣ ಇದ್ದಂಗ."

ಅವ್ವ ಕರುಳಿನ ಹೆಂಗಸು, ಕ್ಷಮಿಸಿಬಿಡುತ್ತಾಳೆಂದು ನನಗೆ ಭಯವಾಯಿತು.

"ಅವತ್ತು ಮೂರ್ ಸಲ ನನ್ ಹೆಸ್ರು ಕೂಗಿದ್ರಂತಲ್ಲಣ್ಣ," ಎಂದಳು, "ಮೂರೂ ಸಲ ಕೇಳ್ಕೊಂತ ಕುಂತಿದ್ದೇನು?"

ಅವ್ವ ಸೆರಗು ಸರಿಮಾಡಿಕೊಂಡು ಮೆಟ್ಟಿಲು ಇಳಿದಳು.