ಬ್ಯಾಟರಿ ತಿಂದ ಬೋರ್ಡು

ಅಣ್ಣ ತೀರಿಕೊಂಡ ಮೇಲೆ ಅತ್ತಿಗೆ ಅವನ ಹಳೇ ಕಂಪ್ಯೂಟರಿಗೆ ಬಟ್ಟೆ ಹೊದಿಸಿ ಇಟ್ಟುಬಿಟ್ಟರು. ಒಳಗೆ ಗಡಿಯಾರ ನಡೆಸುವ ಪುಟ್ಟ ಬ್ಯಾಟರಿಯಿದೆ, ಹಾಗೇ ಬಿಟ್ಟರೆ ಸೋರುತ್ತದೆ, ಕಿತ್ತುಕೊಡುತ್ತೇನೆ ಎಂದು ರಿಪೇರಿ ಅಂಗಡಿಯ ನಾನು ಬಾಯಿ ಬಡಿದುಕೊಂಡೆ. “ಅವರು ಮುಟ್ಟಿದ್ದನ್ನ ಇನ್ಯಾರೂ ಮುಟ್ಟೋದು ಬೇಡ,” ಎಂದು ಬಾಗಿಲಿಗೇ ಅಡ್ಡ ನಿಂತರು. ಹಟದಲ್ಲಿ ಅವರನ್ನು ಮೀರಿಸುವವರಿಲ್ಲ.

ವರ್ಷಗಳು ಕಳೆದವು. ಮೊನ್ನೆ ಏನನ್ನಿಸಿತೋ, ತಾವೇ ಗುಂಡಿ ಒತ್ತಿದ್ದಾರೆ. ಸದ್ದೇ ಇಲ್ಲ. ಎರಡೂ ಕೈಯಲ್ಲಿ ತಬ್ಬಿಕೊಂಡು ಅಂಗಡಿಗೆ ತಂದರು.

ಬಿಚ್ಚಿದರೆ ಮದರ್‌ಬೋರ್ಡಿನ ಮೂಲೆಯೆಲ್ಲ ಹಸಿರು ಕಿಲುಬು. ಬ್ಯಾಟರಿ ಸೋರಿ ತಾಮ್ರದ ಗೆರೆಗಳನ್ನು ತಿಂದುಹಾಕಿತ್ತು.

“ಅವತ್ತೇ ಬಡ್ಕೊಂಡೆ, ಕೇಳಿದ್ರಾ? ಈಗ ನೋಡಿ!” ಎಂದು ರೇಗಿದೆ.

“ಒಂದು ಚೂರು ಧೂಳು ಕೂರದ ಹಾಗೆ ನೋಡ್ಕೊಂಡಿದ್ದೆ ಕಣೋ,” ಎಂದರು ಅತ್ತಿಗೆ. ನನ್ನ ಸಿಟ್ಟು ಜರ್ರನೆ ಇಳಿದುಹೋಯಿತು.

ಬ್ಯಾಟರಿ ಕಿತ್ತೆ. ವಿನೆಗರ್ ಹಚ್ಚಿ ಕಿಲುಬು ಉಜ್ಜಿದೆ. ಹರಿದ ಗೆರೆಗಳಿಗೆಲ್ಲ ಕೂದಲೆಳೆಯಂಥ ತಂತಿ ಬೆಸೆದೆ. ಕೊನೆಗೆ ಗುಂಡಿ ಒತ್ತಿದಾಗ ‘ಬೀಪ್’ ಎಂದಿತು. ಅತ್ತಿಗೆ ನನ್ನ ತೋಳು ಹಿಡಿದುಕೊಂಡರು. ಪರದೆಯ ಮೇಲೆ ಒಂದು ಸಾಲು ಮೂಡಿತು.

“ಏನು ಕೇಳ್ತಿದೆ ಅದು?”

“ಬ್ಯಾಟರಿ ಸತ್ತಿತ್ತಲ್ಲ ಅತ್ತಿಗೆ, ಅದಕ್ಕೇನೂ ನೆನಪಿಲ್ಲ. ಇವತ್ತು ಯಾವ ತಾರೀಕು ಅಂತ ಕೇಳ್ತಿದೆ.”

ನಾನು ಕೀಲಿಮಣೆಗೆ ಕೈ ಹಾಕಿದೆ. ಅವರು ತಡೆದರು.

“ಇವತ್ತಿಂದು ಬೇಡ. ಅದಕ್ಕಿನ್ನೂ ಗೊತ್ತಿಲ್ಲ. ಅವರು ಇದ್ದ ದಿನ ಯಾವುದಾದ್ರೂ ಹಾಕು.”